ಬರೆಯುವಾಗ ನಾಲಿಗೆಗೇನು ಕೆಲಸ?

ಮಕ್ಕಳೇ, ನಾಳೆ ತರಗತಿಯಲ್ಲಿ ಕಾಪಿ ಬರೆಯುವ ಹೊತ್ತಿಗೆ ನಿಮ್ಮ ಪಕ್ಕದಲ್ಲಿ ಕೂತವರನ್ನು ಒಂದು ಗಳಿಗೆ ಸುಮ್ಮನೆ ನೋಡಿ. ಅವರಿಗೆ ಗೊತ್ತಾಗಬಾರದು, ಗೊತ್ತಾದರೆ ನೆಟ್ಟಗೆ ಕೂತುಬಿಡುತ್ತಾರೆ. ಪೆನ್ಸಿಲ್ ಹಿಡಿದ ತೋರುಬೆರಳಿನ ಉಗುರನ್ನು ಗಮನಿಸಿ. ಅದರ ತುದಿ ಬೆಳ್ಳಗಾಗಿದೆಯೇ? ಪೆನ್ಸಿಲ್ಲನ್ನು ಅಷ್ಟು ಒತ್ತಿ ಹಿಡಿದದ್ದರಿಂದ ಅಲ್ಲಿಂದ ರಕ್ತ ಆಚೆಗೆ ಸರಿದಿದೆ. ಹುಬ್ಬು ಗಂಟಿಕ್ಕಿದೆಯೇ? ಒಂದು ಹೆಗಲು ಕಿವಿಯ ಹತ್ತಿರಕ್ಕೆ ಏರಿದೆಯೇ? ಬೆಂಚಿನ ಕೆಳಗೆ ಕಾಲ್ಬೆರಳುಗಳು ಮುದುಡಿಕೊಂಡಿವೆಯೇ? ನಾಲಿಗೆಯ ತುದಿ ತುಟಿಯ ಮೂಲೆಯಿಂದ ಇಣುಕುತ್ತಿದೆಯೇ?

ಬರೆಯುವುದು ಕೈ. ನಾಲಿಗೆಗೂ ಹುಬ್ಬಿಗೂ ಕಾಲ್ಬೆರಳಿಗೂ ಅಲ್ಲಿ ಏನೂ ಕೆಲಸವಿಲ್ಲ. ಆದರೂ ಎಲ್ಲವೂ ದುಡಿಯುತ್ತಿವೆ. ಹೊಸತೇನನ್ನಾದರೂ ಕಲಿಯುವಾಗ ನಮ್ಮ ಮಿದುಳು ಬೇಕಾದ ಸ್ನಾಯುಗಳ ಜತೆಗೆ ಬೇಡದವನ್ನೂ ಎಬ್ಬಿಸುತ್ತದೆ. ಕೆಲಸ ಕೈಗೆ ಹತ್ತಿದಂತೆ ಬೇಡದವು ಒಂದೊಂದಾಗಿ ಸುಮ್ಮನಾಗಬೇಕು. ಕೆಲವು ಸುಮ್ಮನಾಗುತ್ತವೆ. ಕೆಲವು ಆಗುವುದಿಲ್ಲ, ಆ ಕೆಲಸಕ್ಕೇ ಅಂಟಿಕೊಂಡು ಅಭ್ಯಾಸವಾಗಿಬಿಡುತ್ತವೆ. ಐದನೇ ತರಗತಿಯಲ್ಲಿ ಏರಿದ ಹೆಗಲು ದೊಡ್ಡವರಾದ ಮೇಲೂ ಇಳಿಯದೆ ಉಳಿಯಬಹುದು, ಆಗ ಅದು ಸಂಜೆ ಸಂಜೆಗೆ ನೋಯತೊಡಗುತ್ತದೆ. ಈ ಬೇಡದ ದುಡಿಮೆಯನ್ನು ಬಿಡಿಸುವುದು ಹೇಗೆ ಎನ್ನುವುದೇ ಇವತ್ತಿನ ಮಾತು.

ಬೇಡದ ಬಿಗಿತ ಎಂದರೆ ಏನೆಂದು ಸಂಪಾಜೆಯ ಮಕ್ಕಳಾದ ನೀವು ಬಸ್ಸಿನಲ್ಲೇ ನೋಡಬಹುದು. ಮಡಿಕೇರಿಯಿಂದ ಸುಳ್ಯದ ಕಡೆಗೆ ಇಳಿಯುವ ಕೆಂಪು ಬಸ್ಸು ಮದೆನಾಡು, ಜೋಡುಪಾಲ, ಕೊಯನಾಡು ದಾಟಿ ಸಂಪಾಜೆಗೆ ಬರುವಷ್ಟರಲ್ಲಿ ಎಷ್ಟೊಂದು ತಿರುವು! ಸೀಟು ಸಿಗದವರು ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಮೊಣಕಾಲು ಸೆಟೆಸಿ, ಉಸಿರು ಕಟ್ಟಿ ನಿಂತಿರುತ್ತಾರೆ. ತಿರುವು ಬಂದಾಗ ಪಕ್ಕದವರ ಮೇಲೆ ಮೊದಲು ಬೀಳುವವರು ಅವರೇ. ಅವರ ನಡುವೆಯೇ ಕಂಡಕ್ಟರ್ ಇದ್ದಾರೆ. ಒಂದು ಕೈಯಲ್ಲಿ ಟಿಕೆಟ್ ಮೆಷಿನ್, ಇನ್ನೊಂದರಲ್ಲಿ ಚಿಲ್ಲರೆ. ಕಂಬಿ ಹಿಡಿಯಲು ಅವರಿಗೆ ಮೂರನೆಯ ಕೈ ಇಲ್ಲ. ಸೊಂಟದ ಬದಿಯನ್ನು ಸೀಟಿನ ಅಂಚಿಗೆ ಹಗುರವಾಗಿ ತಾಗಿಸಿ, ಪಾದಗಳನ್ನು ಅಗಲಿಸಿ, ಮೊಣಕಾಲನ್ನು ತುಸು ಸಡಿಲ ಬಿಟ್ಟು, ಕೊಯನಾಡಿಗೆ ಎಷ್ಟು ಟಿಕೆಟ್ ಎಂದು ಕೇಳುತ್ತಿರುತ್ತಾರೆ. ಬಸ್ಸು ಎಡಕ್ಕೆ ತಿರುಗಿದಾಗ ಒಳಗಿದ್ದವರ ಮೈ ಬಲಕ್ಕೆ ವಾಲುತ್ತದೆ. ಬಸ್ಸು ದಿಕ್ಕು ಬದಲಿಸಿದರೂ ಮೈ ಹಳೆಯ ದಿಕ್ಕಿನಲ್ಲೇ ಮುಂದುವರಿಯಲು ನೋಡುತ್ತದೆ, ಅದು ಜಡತ್ವ. ಸೆಟೆದ ಮೈ ಪಾದದಿಂದ ತಲೆಯವರೆಗೆ ಒಂದೇ ತುಂಡಾಗಿ ವಾಲುವುದರಿಂದ ಅದರ ಭಾರ ಪಾದಗಳ ಆಚೆಗೆ ಹೋಗಿಬಿಡುತ್ತದೆ. ಕಂಡಕ್ಟರ್ ಮೈಯಲ್ಲಿ ಹಾಗಾಗುವುದಿಲ್ಲ. ಕಣಕಾಲು ಸ್ವಲ್ಪ, ಮೊಣಕಾಲು ಸ್ವಲ್ಪ, ಸೊಂಟ ಸ್ವಲ್ಪ ಹೊಂದಿಸಿಕೊಳ್ಳುತ್ತವೆ, ಭಾರ ಪಾದಗಳ ಮೇಲೇ ಉಳಿಯುತ್ತದೆ.

ಮಳೆಗಾಲದಲ್ಲಿ ಅಡಿಕೆ ಮರದ ಕಾಲುಸಂಕ ದಾಟಿ ಶಾಲೆಗೆ ಬರುವವರಿಗೂ ಇದು ಗೊತ್ತು. ಹೆದರಿ ಮೈ ಬಿಗಿ ಮಾಡಿದಷ್ಟೂ ಜಾರುವುದು ಹೆಚ್ಚು. ಅಲ್ಲಾಡದೆ ನಿಲ್ಲುವುದೆಂಬುದು ಜೀವಂತ ದೇಹಕ್ಕೆ ಇಲ್ಲವೇ ಇಲ್ಲ. ಬರಿಗಾಲಲ್ಲಿ ಒಂಟಿ ಕಾಲ ಮೇಲೆ ನಿಂತು ಕಣಕಾಲಿನ ಕಡೆ ನೋಡಿ. ಅಲ್ಲಿನ ಸ್ನಾಯುರಜ್ಜುಗಳು ಕ್ಷಣ ಕ್ಷಣಕ್ಕೂ ಏಳುತ್ತ ಬೀಳುತ್ತ ಇರುತ್ತವೆ. ಎರಡೂ ಕಾಲ ಮೇಲೆ ನಿಂತಾಗಲೂ ಇದೇ ನಡೆಯುತ್ತಿರುತ್ತದೆ, ಇಷ್ಟು ಎದ್ದು ಕಾಣುವುದಿಲ್ಲ, ಅಷ್ಟೇ.

ಹಾಗಾಗಿ ದೊಡ್ಡವರು "ಬೆನ್ನು ನೆಟ್ಟಗೆ ಮಾಡು!" ಎಂದು ಗದರಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ ಎಂದು ನನಗೆ ಅನ್ನಿಸುತ್ತದೆ. ಗದರಿಸಿಕೊಂಡ ಮಗು ಏನು ಮಾಡುತ್ತದೆ? ಎದೆ ಉಬ್ಬಿಸಿ, ಸೊಂಟ ಒಳಗೆಳೆದು, ಗಲ್ಲ ಮೇಲಕ್ಕೆತ್ತಿ, ಉಸಿರು ಹಿಡಿಯುತ್ತದೆ. ಮೊದಲಿದ್ದ ಬಿಗಿತದ ಮೇಲೆ ಇನ್ನೊಂದು ಬಿಗಿತ ಬಂದು ಕೂತಿತು. ಒಂದು ನಿಮಿಷದಲ್ಲಿ ಸುಸ್ತಾಗಿ ಬೆನ್ನು ಮತ್ತೆ ಬಾಗುತ್ತದೆ.

ಬಿಗಿಹಿಡಿದ ಸ್ನಾಯು ಯಾಕೆ ನೋಯುತ್ತದೆ ಎಂದು ತಿಳಿಯಲು ಖಾಲಿ ಕೈ ಸಾಕು. ಕೈಯನ್ನು ಹೆಗಲಿನ ಮಟ್ಟಕ್ಕೆ ಚಾಚಿ ಹಾಗೇ ಹಿಡಿದುಕೊಳ್ಳಿ. ಕೈಯಲ್ಲಿ ಏನೂ ಇಲ್ಲ, ಆದರೂ ಸ್ವಲ್ಪ ಹೊತ್ತಿನಲ್ಲೇ ಹೆಗಲು ಉರಿಯುತ್ತದೆ. ಅದೇ ಕೈಯನ್ನು ಬೀಸಿಕೊಂಡು ಶಾಲೆಯವರೆಗೆ ನಡೆದರೂ ಉರಿ ಇಲ್ಲ. ಸ್ನಾಯು ಬಿಗಿಯಾದಾಗ ಅದರೊಳಗಿನ ಸಣ್ಣ ರಕ್ತನಾಳಗಳನ್ನು ಒತ್ತುತ್ತದೆ, ಸಡಿಲವಾದಾಗ ರಕ್ತ ಮತ್ತೆ ನುಗ್ಗುತ್ತದೆ. ಬಿಗಿ, ಸಡಿಲ, ಬಿಗಿ, ಸಡಿಲ ಎಂದು ನಡೆಯುತ್ತಿದ್ದರೆ ಸ್ನಾಯುವಿಗೆ ಆಮ್ಲಜನಕ ಬರುತ್ತಿರುತ್ತದೆ, ಕಸ ಹೋಗುತ್ತಿರುತ್ತದೆ. ಬರೀ ಬಿಗಿಯಾಗೇ ಇದ್ದರೆ ಎರಡೂ ನಿಧಾನವಾಗುತ್ತವೆ.

ಈಗ ಒಬ್ಬ ನಟನ ಕಥೆ. ಎಫ್. ಎಂ. ಅಲೆಕ್ಸಾಂಡರ್ 1869ರಲ್ಲಿ ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಟಾಸ್ಮೇನಿಯಾ ದ್ವೀಪದಲ್ಲಿ ಹುಟ್ಟಿದವರು. ವೇದಿಕೆಯ ಮೇಲೆ ನಿಂತು ನಾಟಕದ ಮಾತುಗಳನ್ನು, ಪದ್ಯಗಳನ್ನು ಒಬ್ಬರೇ ಹೇಳುವುದು ಅವರ ವೃತ್ತಿ. ಆ ಕಾಲಕ್ಕೆ ಮೈಕು ಇರಲಿಲ್ಲ. ಹೇಳುತ್ತ ಹೇಳುತ್ತ ಅವರ ಗಂಟಲು ಕಟ್ಟತೊಡಗಿತು. ವೈದ್ಯರು ಸ್ವಲ್ಪ ದಿನ ಮಾತಾಡದೆ ಗಂಟಲಿಗೆ ವಿಶ್ರಾಂತಿ ಕೊಡಿ ಎಂದರು. ವಿಶ್ರಾಂತಿಯಿಂದ ಸ್ವರ ಬಂತು, ವೇದಿಕೆ ಹತ್ತಿದ ಮೇಲೆ ಮತ್ತೆ ಹೋಯಿತು. ಅಲೆಕ್ಸಾಂಡರ್ ಯೋಚಿಸಿದರು: ಮನೆಯಲ್ಲಿ ಮಾತಾಡಿದರೆ ಗಂಟಲು ಕಟ್ಟುವುದಿಲ್ಲ, ವೇದಿಕೆಯಲ್ಲಿ ಕಟ್ಟುತ್ತದೆ. ಹಾಗಿದ್ದರೆ ವೇದಿಕೆಯಲ್ಲಿ ನಾನೇ ಏನನ್ನೋ ಬೇರೆ ಥರ ಮಾಡುತ್ತಿರಬೇಕು. ಏನದು?

ಅವರು ಕನ್ನಡಿಯ ಮುಂದೆ ನಿಂತು ಹೇಳಲು ಶುರುಮಾಡಿದರು. ಬಾಯಿ ತೆರೆದ ಕೂಡಲೇ ಮೂರು ಸಂಗತಿ ಕಂಡವು: ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು, ಗಂಟಲಿನ ಧ್ವನಿಪೆಟ್ಟಿಗೆ ಕೆಳಕ್ಕೆ ಒತ್ತಿಕೊಳ್ಳುತ್ತಿತ್ತು, ಉಸಿರು ಬಾಯಿಂದ ಸುಂಯ್ ಎಂದು ಒಳಗೆ ಹೋಗುತ್ತಿತ್ತು. ಮಾಮೂಲಿ ಮಾತಿನಲ್ಲೂ ಇವೇ ಮೂರು ಇದ್ದವು, ಆದರೆ ಸಣ್ಣದಾಗಿ. ತಲೆ ಎಳೆದುಕೊಳ್ಳುವುದನ್ನು ತಡೆದರೆ ಉಳಿದೆರಡೂ ಕಡಿಮೆಯಾಗುತ್ತವೆ ಎಂಬುದು ಅವರಿಗೆ ಹೊಳೆಯಿತು.

ಮುಂದಿನದ್ದು ನನಗೆ ತುಂಬ ಇಷ್ಟವಾದ ಭಾಗ. ಅವರು ತಲೆಯನ್ನು ಹಿಂದಕ್ಕೆ ಎಳೆಯದೆ ಮುಂದಕ್ಕೂ ಮೇಲಕ್ಕೂ ಹೋಗಲು ಬಿಡುತ್ತೇನೆ ಎಂದುಕೊಂಡು ಪದ್ಯ ಹೇಳಿದರು. ಸರಿಯಾಗಿಯೇ ಮಾಡುತ್ತಿದ್ದೇನೆ ಎಂದು ಅವರಿಗೆ ಅನ್ನಿಸಿತು. ಅನುಮಾನ ಬಂದು ಅಕ್ಕಪಕ್ಕದಲ್ಲಿ ಇನ್ನೆರಡು ಕನ್ನಡಿ ಇಟ್ಟು ನೋಡಿದರು. ತಲೆ ಮೊದಲಿನಂತೆಯೇ ಹಿಂದಕ್ಕೆ ಹೋಗುತ್ತಿತ್ತು! ಮೈಗೆ ಅನ್ನಿಸುವುದೇ ಒಂದು, ಮೈ ಮಾಡುವುದೇ ಇನ್ನೊಂದು.

ಇದು ಅವರೊಬ್ಬರ ಕಥೆಯಲ್ಲ. ನಿಮ್ಮ ಎರಡೂ ಕೈಗಳ ಬೆರಳುಗಳನ್ನು ಒಂದರೊಳಗೊಂದು ಹೆಣೆಯಿರಿ. ಯಾವ ಹೆಬ್ಬೆರಳು ಮೇಲೆ ಬಂತು? ಈಗ ಬಿಡಿಸಿ, ಇನ್ನೊಂದು ಹೆಬ್ಬೆರಳು ಮೇಲೆ ಬರುವಂತೆ ಎಲ್ಲ ಬೆರಳನ್ನೂ ಒಂದೊಂದು ಸ್ಥಾನ ಸರಿಸಿ ಹೆಣೆಯಿರಿ. ಕೈ ಬೇರೆ ಯಾರದ್ದೋ ಎನ್ನಿಸುತ್ತದೆ, ಅಲ್ಲವೇ? ಎರಡು ಬಗೆಯಲ್ಲಿ ಯಾವುದೂ ತಪ್ಪಲ್ಲ. ರೂಢಿಯಾದದ್ದು ಸರಿ ಅನ್ನಿಸುತ್ತದೆ, ರೂಢಿ ಇಲ್ಲದ್ದು ಸೊಟ್ಟ ಅನ್ನಿಸುತ್ತದೆ.

ಕಣ್ಣು ಮುಚ್ಚಿಕೊಂಡೂ ನಿಮ್ಮ ಮೂಗನ್ನು ಬೆರಳಿನಿಂದ ಮುಟ್ಟಬಲ್ಲಿರಿ. ಕೈ ಎಲ್ಲಿದೆ, ಮೂಗು ಎಲ್ಲಿದೆ ಎಂದು ಒಳಗಿನಿಂದಲೇ ತಿಳಿಸುವ ಒಂದು ಅರಿವು ನಮಗಿದೆ. ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮದ ಪಟ್ಟಿಯಲ್ಲಿ ಅದು ಸೇರುವುದಿಲ್ಲ. ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ಅದಕ್ಕೆ ಪ್ರೊಪ್ರಿಯೊಸೆಪ್ಷನ್ ಎಂದು ಹೆಸರಿಟ್ಟರು. ಸ್ನಾಯುಗಳೊಳಗೆ ಕದಿರಿನ ಆಕಾರದ ಪುಟ್ಟ ಪುಟ್ಟ ಅಂಗಗಳಿವೆ. ಸ್ನಾಯು ಎಷ್ಟು ಎಳೆದುಕೊಂಡಿದೆ ಎಂಬ ಸುದ್ದಿಯನ್ನು ಅವು ಮಿದುಳಿಗೆ ಕಳಿಸುತ್ತಿರುತ್ತವೆ. ತಲೆಬುರುಡೆಯ ಬುಡದಲ್ಲಿ, ಕುತ್ತಿಗೆಯ ಹಿಂದೆ ಇರುವ ಸಣ್ಣ ಸ್ನಾಯುಗಳಲ್ಲಂತೂ ಇವು ಬಹಳ ದಟ್ಟವಾಗಿವೆ. ಆದರೆ ಸದಾ ಬರುತ್ತಿರುವ ಸುದ್ದಿಗೆ ಮಿದುಳು ಗಮನ ಕೊಡುವುದನ್ನು ಬಿಡುತ್ತದೆ. ವರ್ಷಗಟ್ಟಲೆ ಏರಿದ ಹೆಗಲು ಏರಿದೆ ಎಂದು ಅನ್ನಿಸುವುದೇ ಇಲ್ಲ. ಅದಕ್ಕೇ ಕನ್ನಡಿ ಬೇಕು, ಅಥವಾ ನೋಡಿ ಹೇಳುವ ಗೆಳತಿ ಬೇಕು.

ಅಲೆಕ್ಸಾಂಡರ್ ಕೊನೆಗೆ ಕಂಡುಕೊಂಡ ಉಪಾಯ ಕೇಳಲು ಸರಳ. ಪದ್ಯ ಹೇಳಬೇಕು ಎಂದು ಮನಸ್ಸಿಗೆ ಬಂದ ಕೂಡಲೇ ಮೈ ಹಳೆಯ ದಾರಿ ಹಿಡಿಯುತ್ತದೆ. ಆದ್ದರಿಂದ ಮನಸ್ಸಿಗೆ ಬಂದಾಗ ತಕ್ಷಣ ಹೇಳದೆ ತಡೆಯುವುದು. ಆ ತಡೆಯಲ್ಲಿ ಕುತ್ತಿಗೆಯನ್ನು ಬಿಡುವುದು. ಆಮೇಲೆ ಹೇಳುವುದು, ಇಲ್ಲವೇ ಹೇಳದೇ ಇರುವುದು, ಇಲ್ಲವೇ ಕೈ ಎತ್ತುವಂಥ ಬೇರೆ ಕೆಲಸವನ್ನೇ ಮಾಡುವುದು. ನೀವೂ ಮಾಡಿನೋಡಬಹುದು. ಟೀಚರ್ ಹೆಸರು ಕರೆದಾಗ ಏಳುವ ಮುಂಚೆ ಒಂದು ಉಸಿರಿನಷ್ಟು ತಡೆಯಿರಿ. ಕುತ್ತಿಗೆಯ ಹಿಂಭಾಗ ಕುಗ್ಗಲು ಆಗಲೇ ತಯಾರಾಗಿದ್ದನ್ನು ಹಿಡಿಯಬಹುದು. ಹಿಡಿದಿರೋ, ಅರ್ಧ ಕೆಲಸ ಮುಗಿಯಿತು.

ಅಲೆಕ್ಸಾಂಡರ್ 1904ರಲ್ಲಿ ಲಂಡನ್ನಿಗೆ ಹೋಗಿ, 1955ರಲ್ಲಿ ತೀರಿಕೊಳ್ಳುವವರೆಗೂ ಇದನ್ನು ಕಲಿಸಿದರು. 1973ರಲ್ಲಿ ನೊಬೆಲ್ ಪಡೆದ ನಿಕೊ ಟಿಂಬರ್ಗನ್ ಕಡಲಹಕ್ಕಿಗಳನ್ನೂ ಮೀನುಗಳನ್ನೂ ತಾಳ್ಮೆಯಿಂದ ನೋಡಿ ಕಲಿತ ವಿಜ್ಞಾನಿ. ಬಹುಮಾನದ ಭಾಷಣದಲ್ಲಿ ಅವರು ಈ ನಟನ ನೋಡುವ ಶಕ್ತಿಯನ್ನು ಮನಸಾರೆ ಹೊಗಳಿದರು. ಬರೀ ಹೊಗಳಿಕೆ ಸಾಲದು, ಪರೀಕ್ಷೆಯೂ ಆಗಬೇಕಲ್ಲ? ಬೆನ್ನುನೋವಿದ್ದ 579 ಜನರ ಮೇಲೆ ಇಂಗ್ಲೆಂಡಿನಲ್ಲಿ ನಡೆದ ಒಂದು ದೊಡ್ಡ ಪರೀಕ್ಷೆಯ ಫಲ 2008ರಲ್ಲಿ ಪ್ರಕಟವಾಯಿತು. ಎಂದಿನ ಚಿಕಿತ್ಸೆ ಮಾತ್ರ ಪಡೆದವರಿಗೆ ಒಂದು ವರ್ಷದ ನಂತರವೂ ನಾಲ್ಕು ವಾರದಲ್ಲಿ ಸುಮಾರು 21 ದಿನ ನೋವಿತ್ತು. ಈ ವಿದ್ಯೆಯ 24 ಪಾಠ ಪಡೆದವರಿಗೆ ಸುಮಾರು 3 ದಿನ. ಹಾಗೆಂದು ಎಲ್ಲ ನೋವಿಗೂ ಇದೇ ಮದ್ದಲ್ಲ. ಬಿದ್ದು ಪೆಟ್ಟಾದರೆ, ಕೈಕಾಲು ಜೋಮು ಹಿಡಿದರೆ, ರಾತ್ರಿ ನೋವಿನಿಂದ ಎಚ್ಚರವಾದರೆ ಮನೆಯಲ್ಲಿ ಹೇಳಿ ಡಾಕ್ಟರ ಹತ್ತಿರ ಹೋಗಬೇಕು.

ತಲೆಯ ಮೇಲೇ ಯಾಕೆ ಇಷ್ಟು ಕಣ್ಣು? ದೊಡ್ಡವರ ತಲೆ ನಾಲ್ಕೂವರೆಯಿಂದ ಐದು ಕೆ.ಜಿ. ತೂಗುತ್ತದೆ. ಅದು ಕೂತಿರುವ ಜಾಗ ಎಲ್ಲಿ ಎಂದು ಕೇಳಿದರೆ ಹೆಚ್ಚಿನವರು ಅಂಗಿಯ ಕಾಲರಿನ ಹಿಂಭಾಗ ತೋರಿಸುತ್ತಾರೆ. ಎರಡು ತೋರುಬೆರಳನ್ನು ಕಿವಿಯ ಹಿಂದೆ ಸ್ವಲ್ಪ ಕೆಳಗೆ, ಎಲುಬಿನ ಗುಬಟಿನ ಹತ್ತಿರ ಇಟ್ಟು, ಹೌದು ಎನ್ನುವಂತೆ ಸಣ್ಣಗೆ ತಲೆಯಾಡಿಸಿ. ಬೆರಳೆರಡರ ನಡುವೆ, ತಲೆಯ ಒಳಗೆ, ಅಷ್ಟು ಮೇಲೆ ಇದೆ ಆ ಕೀಲು. ಅಲ್ಲ ಎಂದು ತಲೆಯಾಡಿಸುವ ಕೀಲು ಅದರ ಕೆಳಗಿನದು. ತಲೆಯ ಭಾರದ ಹೆಚ್ಚು ಪಾಲು ಈ ಕೀಲಿನ ಮುಂದಕ್ಕಿರುವುದರಿಂದಲೇ ಬಸ್ಸಿನಲ್ಲಿ ಕೂತು ತೂಕಡಿಸುವವರ ತಲೆ ಮುಂದಕ್ಕೆ ಜೋತುಬೀಳುವುದು. ನ್ಯೂಯಾರ್ಕಿನ ಬೆನ್ನೆಲುಬಿನ ಶಸ್ತ್ರವೈದ್ಯ ಕೆನೆತ್ ಹನ್ಸರಾಜ್ 2014ರಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದಾಗ, ಮೊಬೈಲ್ ನೋಡಲು ತಲೆಯನ್ನು 60 ಡಿಗ್ರಿ ಬಗ್ಗಿಸಿದರೆ ಕುತ್ತಿಗೆಯ ಮೇಲಿನ ಹೊರೆ 27 ಕೆ.ಜಿ.ಯಷ್ಟಾಗುತ್ತದೆ ಎಂದು ಬಂತು. ಅದು ಲೆಕ್ಕ, ಅಳತೆಯಲ್ಲ. ಆದರೂ ಮುಂದಕ್ಕೆ ಹೋದಷ್ಟೂ ಹೊರೆ ಏರುತ್ತದೆ ಎಂಬ ಮಾತು ಸರಿ.

ತಲೆಹೊರೆ ಹೊರುವ ಅಜ್ಜಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಿಂಬಿಯ ಮೇಲೆ ಹುಲ್ಲಿನ ಹೊರೆ ಇಟ್ಟುಕೊಂಡು ತೋಟದ ಏರು ಹತ್ತುವಾಗ ತಲೆ ಬೆನ್ನೆಲುಬಿನ ನೇರಕ್ಕೆ ಬಂದೇ ಬರುತ್ತದೆ, ಇಲ್ಲದಿದ್ದರೆ ಹೊರೆ ಉರುಳುತ್ತದೆ. ಕೀನ್ಯಾ ದೇಶದ ಹೆಂಗಸರು ತಮ್ಮ ಮೈತೂಕದ ಐದನೇ ಒಂದರಷ್ಟು ಹೊರೆಯನ್ನು ಹೆಚ್ಚಿನ ಶಕ್ತಿ ಖರ್ಚಿಲ್ಲದೆ ಹೊರಬಲ್ಲರು ಎಂದು 1986ರಲ್ಲಿ ವಿಜ್ಞಾನಿಗಳು ಅಳೆದು ತೋರಿಸಿದ್ದಾರೆ. ಸಂಪಾಜೆ ಶೀನಪ್ಪ ರೈಯವರಂಥ ತೆಂಕುತಿಟ್ಟು ಯಕ್ಷಗಾನದ ವೇಷಧಾರಿಗಳನ್ನು ಕಂಡ ಊರು ನಿಮ್ಮದು. ಮುಂದಿನ ಸಲ ಆಟ ನೋಡುವಾಗ, ಕಿರೀಟ ಕಟ್ಟಿಕೊಂಡು ರಾತ್ರಿಯಿಡೀ ಕುಣಿದು ಮಾತಾಡುವವರ ಕುತ್ತಿಗೆಯನ್ನೊಮ್ಮೆ ಗಮನಿಸಿ.

ತೋಟದಲ್ಲಿ ದುಡಿಯುವವರ ಕುತ್ತಿಗೆಗೆ ಮಾತ್ರ ಬೇರೆಯದೇ ಕಷ್ಟ. ಮೊದಲೆಲ್ಲ ಕಾಲಿಗೆ ತಳೆ ಹಾಕಿ ಅಡಿಕೆ ಮರ ಹತ್ತುತ್ತಿದ್ದರು. ಈಗ ಕಾರ್ಬನ್ ಫೈಬರಿನ ಉದ್ದನೆಯ ದೋಟಿ ಬಂದು, ನೆಲದ ಮೇಲೆ ನಿಂತೇ ಗೊನೆ ಕೊಯ್ಯಬಹುದು, ಮದ್ದು ಬಿಡಬಹುದು. ಮರದಿಂದ ಬೀಳುವ ಭಯ ಹೋಯಿತು, ಅದು ತುಂಬ ದೊಡ್ಡ ಒಳಿತು. ಆದರೆ ದಿನವಿಡೀ ಮೇಲೆ ನೋಡುತ್ತ ಕುತ್ತಿಗೆಯ ಹಿಂಭಾಗ ಒಂದೇ ಕಡೆ ಮಡಿಚಿಕೊಂಡಿರುತ್ತದೆ. ಅಪ್ಪನೋ ಮಾವನೋ ದೋಟಿ ಹಿಡಿಯುವವರಾದರೆ ಸಂಜೆ ಕುತ್ತಿಗೆ ಉಜ್ಜಿಕೊಳ್ಳುವುದನ್ನು ನೋಡಿರುತ್ತೀರಿ. ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಕಣ್ಣನ್ನು ನೆಲಕ್ಕೆ ತಂದು ತಲೆಯನ್ನು ಒಂದಿಷ್ಟು ಮುಂದಕ್ಕೆ ಬಿಡುವುದು, ಮೇಲೆ ನೋಡುವಾಗ ಮೊದಲು ಕಣ್ಣನ್ನು ಎತ್ತಿ ಆಮೇಲೆ ತಲೆಯನ್ನು ಎತ್ತುವುದು, ಕುತ್ತಿಗೆಯೊಂದಕ್ಕೇ ಬಿಡದೆ ಬೆನ್ನಿನ ಮೇಲ್ಭಾಗವನ್ನೂ ಜತೆಗೆ ಕರೆದುಕೊಳ್ಳುವುದು: ಇಷ್ಟರಿಂದಲೇ ಹಗುರವಾಗುತ್ತದೆ. ನೀವು ಪಕ್ಕದಲ್ಲಿದ್ದು ನೆನಪಿಸಬಹುದು.

ರಬ್ಬರ್ ತೋಟದಲ್ಲಿ ಕಷ್ಟ ಕೆಳಗಡೆಗೆ. ಕಸಿ ಗಿಡದಲ್ಲಿ ಮೊದಲ ಗೆರೆ ಹಾಕುವುದು ಕಸಿ ಕೂಡಿದ ಜಾಗದಿಂದ 125 ಸೆಂಟಿಮೀಟರ್ ಎತ್ತರದಲ್ಲಿ. ಟ್ಯಾಪಿಂಗ್ ಮಾಡಿದಂತೆ ತೊಗಟೆ ಸವೆದು ಗೆರೆ ವರ್ಷ ವರ್ಷ ಕೆಳಗಿಳಿಯುತ್ತದೆ, ಅದರ ಜತೆಗೆ ಟ್ಯಾಪರ್ ಬೆನ್ನೂ ಬಾಗುತ್ತದೆ. ಬಾಗುವುದೇ ತಪ್ಪಲ್ಲ, ಎಲ್ಲಿಂದ ಬಾಗುತ್ತೇವೆ ಎನ್ನುವುದು ಮುಖ್ಯ. ಬೆಲ್ಟು ಕಟ್ಟುವ ಜಾಗದಲ್ಲಿ ಹಾಗೆ ಮಡಿಚುವ ದೊಡ್ಡ ಕೀಲು ಯಾವುದೂ ಇಲ್ಲ, ಬೆನ್ನೆಲುಬಿನ ಮಣಿಗಳಷ್ಟೇ ಇವೆ. ಒಂದು ಮೊಣಕಾಲನ್ನು ಎದೆಯ ಕಡೆ ಎತ್ತಿ, ತೊಡೆಯ ಮೇಲ್ತುದಿಯಲ್ಲಿ ಮಡಿಕೆ ಬೀಳುವಲ್ಲಿ ಬೆರಳಿಡಿ. ತೊಡೆಯ ಗುಂಡನೆಯ ಕೀಲು ಅಲ್ಲಿ ಒಳಗಿದೆ, ಬಾಗಬೇಕಾದದ್ದು ಅಲ್ಲಿಂದ. ಅಂಗನವಾಡಿಯ ಮಗು ಇರುವೆ ಸಾಲು ನೋಡಲು ಕುಕ್ಕರಗಾಲಲ್ಲಿ ಕೂರುವುದನ್ನು ಕಂಡಿದ್ದೀರಾ? ತೊಡೆ, ಮೊಣಕಾಲು, ಕಣಕಾಲು ಮೂರೂ ಮಡಿಚಿರುತ್ತವೆ, ಬೆನ್ನು ಉದ್ದಕ್ಕೇ ಇರುತ್ತದೆ, ತಲೆ ಅದರ ಮೇಲೆ ಹಗುರವಾಗಿ ಕೂತಿರುತ್ತದೆ. ಯಾರೂ ಕಲಿಸದೆಯೇ ಬಂದದ್ದು ಅದು. ನೇಜಿ ನೆಡುವ ಹೆಂಗಸರೂ ತೊಡೆಯ ಕೀಲಿನಿಂದಲೇ ಬಾಗುತ್ತಾರೆ. ಆದರೂ ಅವರಿಗೆ ಸೊಂಟ ನೋಯುತ್ತದೆ, ಯಾಕೆಂದರೆ ಎಷ್ಟು ಚೆನ್ನಾಗಿ ಬಾಗಿದರೂ ಗಂಟೆಗಟ್ಟಲೆ ಹಾಗೇ ಉಳಿಯಲು ದೇಹ ಒಪ್ಪುವುದಿಲ್ಲ. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಉಳಿಯಬಾರದು, ಆ ಭಂಗಿ ಎಷ್ಟೇ ಚೆಂದವಿರಲಿ.

ಬ್ಯಾಗಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕರ್ನಾಟಕ ಸರ್ಕಾರ 2019ರಲ್ಲಿ ಹೊರಡಿಸಿದ ಆದೇಶದ ಪ್ರಕಾರ 1-2ನೇ ತರಗತಿಯ ಬ್ಯಾಗು 2 ಕೆ.ಜಿ., 3ರಿಂದ 5ರವರೆಗೆ 3 ಕೆ.ಜಿ., 6ರಿಂದ 8ರವರೆಗೆ 4 ಕೆ.ಜಿ., 9-10ಕ್ಕೆ 5 ಕೆ.ಜಿ. ಮೀರಬಾರದು. ಅಂಗಡಿಯ ತಕ್ಕಡಿಯಲ್ಲಿ ನಿಮ್ಮದನ್ನು ತೂಗಿಸಿ ನೋಡಿ. ಎರಡೂ ಪಟ್ಟಿ ಎರಡೂ ಹೆಗಲಿಗೆ ಬರಲಿ.

ಬ್ಯಾಗಿನ ಭಾರವಿರಲಿ, ನಮ್ಮ ಮೈಭಾರವೂ ಬೆನ್ನನ್ನು ಒತ್ತುತ್ತಿರುತ್ತದೆ. ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತನೆಯ ತಟ್ಟೆಗಳಿವೆ. ಅವುಗಳ ಒಳಭಾಗದಲ್ಲಿ ಹೆಚ್ಚಿನದು ನೀರು. ಹಗಲಿಡೀ ಮೈಭಾರ ಒತ್ತಿ ನೀರು ಸ್ವಲ್ಪ ಹೊರಗೆ ಹೋಗುತ್ತದೆ, ರಾತ್ರಿ ಮಲಗಿದಾಗ ಅವು ಸ್ಪಂಜಿನ ಹಾಗೆ ಮತ್ತೆ ಹೀರಿಕೊಳ್ಳುತ್ತವೆ. ಹಾಗಾಗಿ ಬೆಳಗ್ಗೆ ದೊಡ್ಡವರು ಸಂಜೆಗಿಂತ ಸುಮಾರು ಒಂದು ಸೆಂಟಿಮೀಟರ್ ಎತ್ತರ! ಗೋಡೆಗೆ ಹಿಮ್ಮಡಿ ತಾಗಿಸಿ ನಿಲ್ಲಿಸಿ, ತಲೆಯ ಮೇಲೆ ಪುಸ್ತಕ ಇಟ್ಟು, ಹಾಸಿಗೆಯಿಂದ ಎದ್ದ ಕೂಡಲೇ ಒಂದು ಗೆರೆ, ಸಂಜೆ ಒಂದು ಗೆರೆ ಎಳೆದು ಅಮ್ಮನ ಎತ್ತರ ಅಳೆಯಿರಿ. ಬಾಹ್ಯಾಕಾಶದಲ್ಲಿ ಭಾರವೇ ಇಲ್ಲದ್ದರಿಂದ ಗಗನಯಾತ್ರಿಗಳು ನೂರಕ್ಕೆ ಮೂರರವರೆಗೂ ಉದ್ದವಾಗುತ್ತಾರೆ.

ಬೇಡದ ಬಿಗಿತ ಬಿಡಿಸಲು ನಮ್ಮಲ್ಲೂ ಒಂದು ದಾರಿ ಇದೆ. ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಒಂದು ಮಗು ಹುಟ್ಟಿತು. ಕಾಯಿಲೆಯ ಮೇಲೆ ಕಾಯಿಲೆ ಬಂದು ಸಣಕಲಾಗಿದ್ದ ಆ ಹುಡುಗನಿಗೆ ತನ್ನ ತಲೆಯೇ ಭಾರವಾಗಿ ಜೋತುಬೀಳುತ್ತಿತ್ತು, ಎತ್ತಲು ಕಷ್ಟಪಡಬೇಕಿತ್ತು. ಮೈಸೂರಿನಲ್ಲಿದ್ದ ಅಕ್ಕನ ಮನೆಗೆ ಬಂದು, ಅರಮನೆಯ ಆಶ್ರಯದಲ್ಲಿ ಯೋಗ ಕಲಿಸುತ್ತಿದ್ದ ಭಾವ ಟಿ. ಕೃಷ್ಣಮಾಚಾರ್ಯರಲ್ಲಿ ಕಲಿತು ಅವನು ಬಿ.ಕೆ.ಎಸ್. ಅಯ್ಯಂಗಾರ್ ಆದ. 1952ರಲ್ಲಿ ಮುಂಬಯಿಗೆ ಬಂದ ಜಗತ್ಪ್ರಸಿದ್ಧ ಪಿಟೀಲುವಾದಕ ಯೆಹೂದಿ ಮೆನುಹಿನ್ ಈ ಅಯ್ಯಂಗಾರರನ್ನು ಕಂಡರು. ಮೆನುಹಿನ್‌ಗೆ ಮೈ ಸಡಿಲ ಬಿಡುವುದೇ ಮರೆತುಹೋಗಿತ್ತು, ಸರಿಯಾಗಿ ನಿದ್ದೆಯೂ ಬರುತ್ತಿರಲಿಲ್ಲ. ಐದು ನಿಮಿಷ ಮಾತ್ರ ಸಮಯವಿದೆ ಎಂದಿದ್ದವರು ಅಯ್ಯಂಗಾರರು ಮಲಗಿಸಿದ ಮೇಲೆ ಅಲ್ಲೇ ನಿದ್ದೆಹೋದರು. ಆಮೇಲೆ ಅವರು ಅಯ್ಯಂಗಾರರಿಗೆ ಒಂದು ಕೈಗಡಿಯಾರ ಕೊಟ್ಟರು. ನನ್ನ ಅತ್ಯುತ್ತಮ ಪಿಟೀಲು ಗುರುವಿಗೆ ಎಂದು ಅದರಲ್ಲಿ ಕೆತ್ತಿಸಿದ್ದರು. ಅಯ್ಯಂಗಾರರು ಅವರಿಗೆ ಕಲಿಸಿದ್ದು ಯೋಗವನ್ನು.

ಅಲೆಕ್ಸಾಂಡರ್ ದಾರಿಯವರು ಕಲಿಸುವ ಒಂದು ಮಲಗುವ ಬಗೆಯನ್ನು ನೀವು ಇವತ್ತೇ ಮಾಡಬಹುದು. ಶಾಲೆಯಿಂದ ಬಂದು ಕೈಕಾಲು ತೊಳೆದ ಮೇಲೆ ಜಗಲಿಯಲ್ಲಿ ಚಾಪೆ ಹಾಸಿ. ಬ್ಯಾಗಿನಿಂದ ಎರಡು ಪುಸ್ತಕ ತೆಗೆದು ತಲೆಯ ಹಿಂಭಾಗಕ್ಕೆ ಬರುವಂತೆ ಇಟ್ಟು ಅಂಗಾತ ಮಲಗಿ. ಪುಸ್ತಕ ಕುತ್ತಿಗೆಯಡಿಗೆ ಬರಬಾರದು. ಗಲ್ಲ ಮೇಲಕ್ಕೆ ಹೋದರೆ ಇನ್ನೊಂದು ಪುಸ್ತಕ ಸೇರಿಸಿ, ಗಂಟಲು ಒತ್ತಿದರೆ ಒಂದು ತೆಗೆಯಿರಿ. ಮೊಣಕಾಲು ಮಡಿಚಿ ಪಾದ ಊರಿ, ಅಂಗೈಗಳನ್ನು ಹೊಟ್ಟೆಯ ಮೇಲಿಡಿ. ಕಣ್ಣು ತೆರೆದೇ ಇರಲಿ. ಏನನ್ನೂ ಸರಿಮಾಡಲು ಹೋಗಬೇಡಿ. ನಾಲಿಗೆ ಬಾಯೊಳಗೆ ಹೇಗೆ ಬಿದ್ದಿದೆ, ಹಲ್ಲು ಕಚ್ಚಿಕೊಂಡಿದೆಯೇ, ಹೆಗಲು ಚಾಪೆಗೆ ತಾಗಿದೆಯೇ ಎಂದು ಸುಮ್ಮನೆ ನೋಡುತ್ತಿರಿ. ಹತ್ತು ನಿಮಿಷ ಸಾಕು. ಏಳುವಾಗ ತಲೆಯನ್ನು ನೇರ ಮೇಲಕ್ಕೆತ್ತಬೇಡಿ. ಕಣ್ಣು ಒಂದು ಕಡೆಗೆ ಹೊರಳಲಿ, ಅದರ ಹಿಂದೆ ತಲೆ, ತಲೆಯ ಹಿಂದೆ ಮೈ. ಪಕ್ಕಕ್ಕೆ ಹೊರಳಿ, ಅಂಗೈ ಊರಿ, ಮಂಡಿಯ ಮೇಲೆ ಬಂದು ಏಳಿ.